ಮೌಸಿಗೆ ಬಾಯಿದೆ, ಗಾಜಿಗೆ ಬಾಯಿಲ್ಲ

ಮೊನ್ನೆ ಬೆಂಗಳೂರಿನ ಗೆಳೆಯನೊಬ್ಬ ಮನೆಗೆ ಬಂದಿದ್ದ. ಎಂಬೆಡೆಡ್ ಕೆಲಸದವನು. ಹದಿನೈದು ವರ್ಷದಿಂದ ಲಿನಕ್ಸ್ ಕರ್ನಲ್ ಜೊತೆಯಲ್ಲೇ ಅವನ ಸಂಸಾರ. ಊಟ ಆಯ್ತು, ಎಲೆಯಡಿಕೆ ಆಯ್ತು, ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಡ್ರೈವರ್ ವಿಷಯಕ್ಕೆ ಬಂದು ನಿಂತಿತು. (ಕೆಎಸ್ಸಾರ್ಟಿಸಿ ಡ್ರೈವರ್ ಅಲ್ಲ ಸ್ವಾಮಿ, ಯಂತ್ರದ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ.) ಬೋರ್ಡಿನ ವಿವರಗಳನ್ನು ಡ್ರೈವರಿಗೆ ಹೇಗೆ ತಲುಪಿಸುತ್ತೀರಿ ಅಂತ ಕೇಳಿದೆ. ನಕ್ಕುಬಿಟ್ಟ.

"ಅಯ್ಯೋ, ಬೋರ್ಡ್ ಡೇಟಾ ತಾನೆ? ನಾಕು ನಂಬರು. ಕೋಡಲ್ಲೇ ಬರ್ದು ಬಿಸಾಕ್ತೀವಿ. ಅದನ್ನೆಲ್ಲ ಯಾರು ನೋಡ್ತಾರೆ ಮಾರಾಯ?"

ನಾನು ನೋಡಿದ್ದೇನೆ. ಹರವೆಯಲ್ಲಿ ನೋಡಿದ್ದೇನೆ. ಅವತ್ತು ಅವನ ಮುಂದೆ ಸರಿಯಾಗಿ ಹೇಳಲು ಆಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಖಾರವೂ ಇರುತ್ತೆ, ಬೇಜಾರು ಮಾಡ್ಕೋಬೇಡಿ.

ಹರವೆ ಗೊತ್ತಲ್ಲ? ಚಾಮರಾಜನಗರ ತಾಲ್ಲೂಕಿನ ಹೋಬಳಿ ಊರು. ಅರಿಶಿನ, ಬಾಳೆ, ಸಣ್ಣ ಈರುಳ್ಳಿಯ ಸೀಮೆ. ನನ್ನಕ್ಕನನ್ನು ಕೊಟ್ಟಿರುವ ಊರು ಅದು. 2020ರಲ್ಲಿ ಶಾಲೆಗಳೆಲ್ಲ ಬಾಗಿಲು ಹಾಕಿದ್ದಾಗ ಅಕ್ಕನ ಮಗಳಿಗೆ ಮೇಷ್ಟ್ರು ಕಳಿಸುವ ಪಾಠದ ವಿಡಿಯೋ, ಪಿಡಿಎಫ್ ನೋಡೋಕೆ ಏನಾದರೊಂದು ಬೇಕಿತ್ತು. ಮನೆಯಲ್ಲಿದ್ದ ಒಂದು ಫೋನು ಭಾವನ ಜೊತೆ ಬೆಳಿಗ್ಗೆ ತೋಟಕ್ಕೆ ಹೋದರೆ ಸಂಜೆಗೇ ವಾಪಸ್ಸು. ನನ್ನ ಹತ್ತಿರ 2013ರಲ್ಲಿ ತಗೊಂಡ ಏಳು ಇಂಚಿನ ಟ್ಯಾಬ್ಲೆಟ್ ಅಟ್ಟದ ಮೇಲಿತ್ತು. ಗಾಜು ಒಡೆದಿದ್ದು ಬಿಟ್ಟರೆ ಗಟ್ಟಿಮುಟ್ಟು. ಚಾಮರಾಜನಗರದಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಎಲ್ಲಿಂದಲೋ ಹೊಂದುವ ಟಚ್ ಗಾಜು ತರಿಸಿ, ಅಂಟು ಬಿಡಿಸಿ, ಹೊಸದು ಕೂರಿಸಿಕೊಟ್ಟ. ಹಳೇ ಗಾಜಿನಲ್ಲಿದ್ದ ಚಿಪ್ಪೇ ಹೊಸದರಲ್ಲೂ ಇತ್ತು. ಕನೆಕ್ಟರ್ ಸರಿಯಾಗಿ ಕೂತಿತು. ಸ್ಕ್ರೀನ್ ಬೆಳಗಿತು. ಖುಷಿಯಿಂದ ಒಯ್ದು ಮಗುವಿನ ಕೈಗೆ ಕೊಟ್ಟೆ.

"ಮಾವ, ಇಲ್ಲಿ ಮುಟ್ಟುದ್ರ ಅಲ್ಲಿ ಒತ್ಕತ್ತದ ಕನ!"

ನಿಜ. ಎಡಕ್ಕೆ ಮುಟ್ಟಿದರೆ ಬಲಕ್ಕೆ ಬೀಳುತ್ತಿತ್ತು, ಬಲಕ್ಕೆ ಮುಟ್ಟಿದರೆ ಎಡಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ. ಮತ್ತೆ ಅಂಗಡಿಗೆ ಹೋದೆ. ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಗ್ಲಾಸ್ ಸರಿಯಾಗೇ ಕೂತದ ಸಾರ್. ಸಾಫ್ಟ್‌ವೇರ್ ಪ್ರಾಬ್ಲಮ್ಮು, ನಮ್ ಕೈಲಿಲ್ಲ" ಅಂದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಆ "ನಮ್ ಕೈಲಿಲ್ಲ" ಎಂಬ ಮಾತು ಇದೆಯಲ್ಲ, ನನ್ನ ಜಗಳ ಇರೋದು ಅದರ ಜೊತೆ.

ಮೊದಲು ಆ ಟ್ಯಾಬ್ಲೆಟ್ಟಿನಲ್ಲಿ ಪಾಠ ಹೇಗೆ ನಡೀತು ಅಂತ ಹೇಳಿಬಿಡ್ತೀನಿ. ಮನೆಯಲ್ಲಿ ಒಂದು ಹಳೇ ಯುಎಸ್‌ಬಿ ಮೌಸ್ ಇತ್ತು. ಓಟಿಜಿ ಕೇಬಲ್ ಹಾಕಿ ಟ್ಯಾಬ್ಲೆಟ್ಟಿಗೆ ಸಿಕ್ಕಿಸಿದೆ. ತಕ್ಷಣ ತೆರೆಯ ಮೇಲೆ ಬಾಣದ ಗುರುತು ಬಂತು. ಯಾವ ಡ್ರೈವರನ್ನೂ ಹಾಕಲಿಲ್ಲ, ಯಾರನ್ನೂ ಕೇಳಲಿಲ್ಲ. ಆ ವರ್ಷವೆಲ್ಲ ಹುಡುಗಿ ಟ್ಯಾಬ್ಲೆಟ್ಟನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟುಕೊಂಡು, ಮೌಸ್ ಹಿಡಿದು ಪಾಠ ನೋಡಿದಳು. ಬೀದಿಯ ಮಕ್ಕಳೆಲ್ಲ ನೋಡೋಕೆ ಬರೋರು :-)

ಈಗ ನನ್ನ ಪ್ರಶ್ನೆ ಇಷ್ಟೇ. ರಸ್ತೆ ಬದಿಯಲ್ಲಿ ಸಿಗುವ ಅಗ್ಗದ ಮೌಸ್ ಯಾವ ತಕರಾರೂ ಇಲ್ಲದೆ ಕೆಲಸ ಮಾಡಿತು. ಆ ಟ್ಯಾಬ್ಲೆಟ್ಟಿಗೆಂದೇ ಇರುವ ಟಚ್ ಗಾಜು ಮಾಡಲಿಲ್ಲ. ಯಾಕೆ?

ಯಾಕೆಂದರೆ ಮೌಸಿಗೆ ಬಾಯಿದೆ. ಯುಎಸ್‌ಬಿ ಸಾಧನವನ್ನು ಸಿಕ್ಕಿಸಿದ ಕೂಡಲೇ ಕರ್ನಲ್ ಅದನ್ನು "ಯಾರಪ್ಪ ನೀನು?" ಅಂತ ಕೇಳುತ್ತೆ. ಅದು ತನ್ನನ್ನು ಮಾಡಿದವರ ಸಂಖ್ಯೆ, ತನ್ನ ಸಂಖ್ಯೆ, ತಾನು ಯಾವ ಜಾತಿಯ ಸಾಧನ, ತನಗೆಷ್ಟು ಗುಂಡಿ, ತಾನು ಕಳಿಸುವ ಯಾವ ಬಿಟ್ಟಿಗೆ ಏನರ್ಥ ಎಲ್ಲವನ್ನೂ ಒಪ್ಪಿಸುತ್ತೆ. ಡೆಸ್ಕ್‌ಟಾಪ್ ಪೆಟ್ಟಿಗೆಯೊಳಗಿನ ಪಿಸಿಐ ಕಾರ್ಡುಗಳೂ ಹಾಗೆಯೇ ಗುರುತು ಹೇಳುತ್ತವೆ. ಟ್ಯಾಬ್ಲೆಟ್ಟು, ಫೋನುಗಳ ಒಳಗಿನ ಹೆಚ್ಚಿನ ಭಾಗಗಳು ಮೂಗ. ಟಚ್ ಚಿಪ್ ಕೂತಿರುವ ಐ-ಸ್ಕ್ವೇರ್-ಸಿ ಎಂಬ ಎರಡು ತಂತಿಯ ಬಸ್ಸಿನಲ್ಲಿ ಅದಕ್ಕಿರುವುದು ಒಂದು ವಿಳಾಸ, ಅಷ್ಟೇ. ಕೆಲವು ಚಿಪ್ಪುಗಳು ಒತ್ತಾಯ ಮಾಡಿದರೆ ಹೆಸರನ್ನಾದರೂ ಹೇಳುತ್ತವೆ. ಆದರೆ ತನ್ನ ಗಾಜನ್ನು ತೆರೆಯ ಮೇಲೆ ಯಾವ ದಿಕ್ಕಿಗೆ ಅಂಟಿಸಿದ್ದಾರೆ, ತನ್ನ ಎಚ್ಚರಿಕೆಯ ತಂತಿ ಪ್ರೊಸೆಸರಿನ ಯಾವ ಕಾಲಿಗೆ ಹೋಗಿದೆ, ಇದೆಲ್ಲ ಆ ಚಿಪ್ಪಿಗೇ ಗೊತ್ತಿಲ್ಲ. ಪಾಪ, ಹೇಗೆ ಗೊತ್ತಿರುತ್ತೆ?

ಹಾಗಾಗಿ ಮೂಗನ ಪರವಾಗಿ ಯಾರಾದರೂ ಮಾತಾಡಬೇಕು. ನನ್ನ ಟ್ಯಾಬ್ಲೆಟ್ಟಿನ ಕಾಲದ ಲಿನಕ್ಸಿನಲ್ಲಿ ಆ ಮಾತಾಡುವವನ ಹೆಸರು ಬೋರ್ಡ್ ಫೈಲ್. ಒಂದು ಬೋರ್ಡಿಗೆ ಒಂದು ಸಿ ಕಡತ. ಅದರಲ್ಲಿ, ಇಂಥ ಹೆಸರಿನ ಸಾಧನ ಇಂಥ ವಿಳಾಸದಲ್ಲಿದೆ, ಇಂಥ ಇಂಟರಪ್ಟ್ ಬಳಸುತ್ತೆ, ಉಳಿದ ವಿವರ ಇಗೋ ಇಲ್ಲಿದೆ ಅಂತ ಒಂದು ಪಾಯಿಂಟರ್ ಸೇರಿಸಿ ಕರ್ನಲ್ ಹತ್ತಿರ ನೋಂದಾಯಿಸುತ್ತಾರೆ. ಇನ್ನೊಂದು ಕಡೆಯಿಂದ ಡ್ರೈವರ್ ಬಂದು "ಈ ಹೆಸರಿನ ಸಾಧನ ಇದ್ದರೆ ನನಗೆ ಕೊಡಿ" ಎಂದು ನೋಂದಾಯಿಸಿಕೊಳ್ಳುತ್ತೆ. ಹೆಸರಿಗೆ ಹೆಸರು ಹೊಂದಿದರೆ ಕರ್ನಲ್ ಇಬ್ಬರಿಗೂ ಗಂಟು ಹಾಕಿ ಡ್ರೈವರಿನ ಪ್ರೋಬ್ ಫಂಕ್ಷನ್ನನ್ನು ಕರೆಯುತ್ತೆ. ಡ್ರೈವರ್ ಆ ಪಾಯಿಂಟರನ್ನು ಎತ್ತಿಕೊಂಡು ಒಳಗಿನದನ್ನು ಓದಿಕೊಳ್ಳುತ್ತೆ. ಈ ಕೊನೆಯ ಚೀಟಿಗೇ ಪ್ಲಾಟ್‌ಫಾರ್ಮ್ ಡೇಟಾ ಅಂತ ಹೆಸರು.

ಕೇಳಿದರೆ ಏನೂ ತಪ್ಪು ಕಾಣಲ್ಲ ಅಲ್ವಾ? ಈಗ ಆ ಪಾಯಿಂಟರಿನ ಜಾತಕ ನೋಡಿ. ಅದು ವಾಯ್ಡ್ ಪಾಯಿಂಟರ್. ಅಂದರೆ "ಇಂಥ ವಿಳಾಸದಲ್ಲಿ ಏನೋ ಇಟ್ಟಿದ್ದೀನಿ, ಏನು ಅಂತ ನಿನಗೆ ಗೊತ್ತಿರಬೇಕು" ಎಂಬ ಚೀಟಿ. ಅದರಲ್ಲಿ ಎಷ್ಟು ಬೈಟ್ ಇದೆ, ಯಾವ ಬೈಟಿಗೆ ಏನರ್ಥ, ಎಲ್ಲಿಯೂ ಬರೆದಿಲ್ಲ. ಕೊಟ್ಟವನಿಗೂ ತಗೊಂಡವನಿಗೂ ಮೊದಲೇ ಮಾತಾಗಿರಬೇಕು. ನಡುವೆ ಇರುವ ಕರ್ನಲ್ಲಿಗೆ ಅದರ ಗೊಡವೆಯೇ ಇಲ್ಲ. ಬೋರ್ಡ್ ಫೈಲ್ ಒಂದು ರಚನೆಯನ್ನು ತುಂಬಿ, ಡ್ರೈವರ್ ಬೇರೊಂದು ರಚನೆ ಅಂತ ಓದಿದರೆ ಕಂಪೈಲರ್ ಕಮಕ್ ಕಿಮಕ್ ಅನ್ನಲ್ಲ. ಎತ್ತರದ ಜಾಗದಲ್ಲಿ ಅಗಲ ಓದಿಕೊಂಡು ಮುಂದೆ ಹೋಗುತ್ತೆ, ಇಲ್ಲವೇ ಮಲಗಿಬಿಡುತ್ತೆ.

ನೀವೆಲ್ಲ ಕನ್ನಡ ಬ್ಲಾಗಿಗರು, ನಿಮಗೆ ಇದನ್ನು ನಾನು ವಿವರಿಸಬೇಕೇ? ಯುನಿಕೋಡ್ ಬರುವ ಮುಂಚೆ ನಾವು ಅನುಭವಿಸಿದ್ದು ಇದೇ ತಾನೆ. ಒಂದು ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಜಿರಳೆ ಓಡಾಡಿದ ಹಾಗೆ ಕಾಣುತ್ತಿತ್ತು. ಬೈಟುಗಳು ಸರಿಯಾಗೇ ಇದ್ದವು, ಅರ್ಥ ಮಾತ್ರ ಬೈಟಿನಲ್ಲಿ ಇರಲಿಲ್ಲ, ಫಾಂಟಿನ ಹೊಟ್ಟೆಯಲ್ಲಿತ್ತು. ಫಾಂಟ್ ಮಾಡಿದ ಕಂಪನಿ ಮುಚ್ಚಿದರೆ ಪತ್ರವೂ ಸತ್ತಂತೆ. "ಅಕ್ಷರದ ಅರ್ಥ ಅಕ್ಷರದ ಜೊತೆಯಲ್ಲೇ ಹೋಗಬೇಕು" ಅಂತ ಎಷ್ಟು ವರ್ಷ ಎಷ್ಟು ಜಗಳ ಆಡಿದೆವು! ನಾವು ಇಲ್ಲಿ ಬರೆಯುತ್ತಿರುವುದೇ ಆ ಜಗಳ ಗೆದ್ದಿದ್ದಕ್ಕೆ. ಪ್ಲಾಟ್‌ಫಾರ್ಮ್ ಡೇಟಾದ ವಾಯ್ಡ್ ಪಾಯಿಂಟರ್ ಅಂದರೆ ಕರ್ನಲ್ ಒಳಗಿನ ಹಳೇ ಆಸ್ಕಿ ಫಾಂಟ್. ಅಲ್ಲಿ ತಪ್ಪಾಗಿದ್ದು ಇಲ್ಲಿ ಹೇಗೆ ಸರಿಯಾಗುತ್ತೆ?

ಇನ್ನೊಂದು ತಮಾಷೆ ಇದೆ. ಬೂಟ್ ಆಗುವಾಗ ಮಾತ್ರ ಬೇಕಾಗುವ ಡೇಟಾಕ್ಕೆ "ಆಮೇಲೆ ಜಾಗ ಖಾಲಿ ಮಾಡು" ಅಂತ ಒಂದು ಗುರುತು ಹಾಕುವ ಪದ್ಧತಿ ಕರ್ನಲ್ಲಿನಲ್ಲಿದೆ. ಯಾರೋ ಉತ್ಸಾಹಿ ಬೋರ್ಡಿನ ವಿವರಕ್ಕೂ ಅದೇ ಗುರುತು ಹಾಕುತ್ತಾನೆ. ಬೂಟ್ ಮುಗಿದ ಮೇಲೆ ಆ ಜಾಗವನ್ನು ಇನ್ಯಾರಿಗೋ ಕೊಟ್ಟಾಗಿರುತ್ತೆ. ಡ್ರೈವರ್ ಮಾಡ್ಯೂಲ್ ನಿಧಾನವಾಗಿ ಹತ್ತು ನಿಮಿಷ ಬಿಟ್ಟು ಬಂದು, ಚೀಟಿಯಲ್ಲಿರುವ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದರೆ ಒಳಗೆ ಬೇರೆ ಸಂಸಾರ! ವಿಳಾಸದ ಬದಲು ಪೂರ್ತಿ ಪ್ರತಿ ತೆಗೆದು ಕೊಡುವ ಫಂಕ್ಷನ್ ಕೂಡ ಕರ್ನಲ್ಲಿನಲ್ಲಿದೆ. ಗೊತ್ತಿದ್ದವರು ಬಳಸುತ್ತಾರೆ, ಅವಸರದಲ್ಲಿದ್ದವರು ಬಿಡುತ್ತಾರೆ.

ಇವೆಲ್ಲ ಎಂಜಿನಿಯರುಗಳ ತಾಪತ್ರಯ, ಅವರೇ ನೋಡಿಕೊಳ್ಳಲಿ ಅಂತ ಬಿಡಬಹುದಿತ್ತು. ನನ್ನ ಸಿಟ್ಟು ಅದಕ್ಕಲ್ಲ. ಆ ವಿವರ ಎಲ್ಲಿ ಕೂತಿದೆ ಎಂಬುದಕ್ಕೆ.

ಸಿಟ್ಟಿನ ಜೊತೆ ಕುತೂಹಲವೂ ಇತ್ತು, ಹಾಗಾಗಿ ಟ್ಯಾಬ್ಲೆಟ್ಟಿನ ಬೂಟ್ ಇಮೇಜ್ ತೆಗೆದು ನೋಡಿದೆ. ಅದೇ ಪ್ರೊಸೆಸರಿನ ಬೇರೆ ಬೋರ್ಡಿನ ಮೂಲಕೋಡ್ ಒಂದು ಕಡೆ ಸಿಕ್ಕಿತು. ಟಚ್ ಡ್ರೈವರಿಗೆ ಹೋಗುವ ಚೀಟಿಯಲ್ಲಿ ಏನಿರುತ್ತೆ ಅಂತ ಅಂದಾಜಾಯಿತು. ಅಗಲ, ಎತ್ತರ, ಎಕ್ಸ್ ವೈ ಅದಲುಬದಲು ಮಾಡಬೇಕೇ, ಎಕ್ಸ್ ತಿರುಗಿಸಬೇಕೇ, ವೈ ತಿರುಗಿಸಬೇಕೇ, ರೀಸೆಟ್ ತಂತಿ ಎಲ್ಲಿದೆ. ನನಗೆ ಬೇಕಿದ್ದದ್ದು "ಎಕ್ಸ್ ತಿರುಗಿಸಬೇಕೇ" ಎಂಬ ಒಂದೇ ಒಂದು ಪ್ರಶ್ನೆಗೆ ಇಲ್ಲ ಇದ್ದದ್ದನ್ನು ಹೌದು ಮಾಡುವುದು. ಸೊನ್ನೆಯನ್ನು ಒಂದು ಮಾಡುವುದು. ಒಂದು ಬೈಟು! ಆ ಬೈಟು ಕಂಪೈಲ್ ಆದ ಕರ್ನಲ್ಲಿನ ಹೊಟ್ಟೆಯೊಳಗೆ ಎಲ್ಲೋ ಇದೆ. ನನ್ನ ಟ್ಯಾಬ್ಲೆಟ್ಟಿನ ಕಂಪನಿ ಆ ರಚನೆಗೆ ತನ್ನದೇ ಎರಡು ಮೂರು ಕಲಮು ಸೇರಿಸಿದ್ದಿರಬೇಕು, ಲೆಕ್ಕ ತಾಳೆ ಆಗಲೇ ಇಲ್ಲ. ಎಲ್ಲಿದೆ ಅಂತ ಊಹೆ ಮಾಡಿ ತಿದ್ದಿದೆ. ತಿದ್ದಿದ ಇಮೇಜನ್ನು ಬೂಟ್‌ಲೋಡರ್ ಒಪ್ಪಲಿಲ್ಲ.

ಕಂಪನಿಗೆ ಮೇಲ್ ಹಾಕಿದೆ. ಕರ್ನಲ್ ಜಿಪಿಎಲ್ ಎರಡನೇ ಆವೃತ್ತಿಯ ಲೈಸೆನ್ಸಿನಲ್ಲಿದೆ, ಬೋರ್ಡ್ ಫೈಲ್ ಅದರದೇ ಭಾಗ, ಯಂತ್ರ ಕೊಂಡವನು ಕೇಳಿದರೆ ಮೂಲಕೋಡ್ ಕೊಡಬೇಕು ಅಂತ ಮರ್ಯಾದೆಯಿಂದಲೇ ಬರೆದೆ. ಆ ಮಾಡೆಲ್ ನಿಂತುಹೋಗಿದೆ, ನಮ್ಮ ಹೊಸ ಮಾಡೆಲ್ಲುಗಳನ್ನು ನೋಡಿ ಎಂಬ ಉತ್ತರ ಬಂತು. ನಾನು ಕೇಳಿದ್ದು ಒಂದು ಬೈಟು, ಅವರು ಕೊಡೋಕೆ ಬಂದಿದ್ದು ಹೊಸ ಟ್ಯಾಬ್ಲೆಟ್ಟು. ಅದೂ ದುಡ್ಡಿಗೆ.

ನಮ್ಮ ಕಡೆಯ ಹಳಬರಿಗೆ ಇದು ಹೊಸದಲ್ಲ. ಜಮೀನು ನಿಮ್ಮದು, ಉಳುವವರು ನೀವು, ಆದರೆ ಅದರ ವಿವರ ಶಾನುಭೋಗರ ಕಡತದಲ್ಲಿ. ಏನಿದೆ ಅಂತ ತಿಳಿಯಬೇಕಾದರೆ ಅವರ ಜಗುಲಿಗೆ ಹೋಗಿ ನಿಲ್ಲಬೇಕಿತ್ತು. ಶಾನುಭೋಗಿಕೆ ಹೋಗಿ ಗ್ರಾಮ ಲೆಕ್ಕಿಗರು ಬಂದ ಮೇಲೂ ಪುಸ್ತಕ ಪುಸ್ತಕವಾಗಿಯೇ ಉಳಿಯಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಯಾರು ಬೇಕಾದರೂ ಪ್ರತಿ ಪಡೆಯುವ ಹಾಗೆ ಮಾಡಿತು. ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಬೆಳೆ, ನೀರಿನ ಆಸರೆ ಎಲ್ಲ ಒಂದು ಹಾಳೆಯಲ್ಲಿ. ತಪ್ಪುಗಳು ಇರಲಿಲ್ಲವೇ? ಬೇಕಾದಷ್ಟಿದ್ದವು, ಈಗಲೂ ತಿದ್ದುಪಡಿಗೆ ಓಡಾಡುವವರಿದ್ದಾರೆ. ಆದರೆ ತಪ್ಪಿದೆ ಅನ್ನುವುದಾದರೂ ಕಣ್ಣಿಗೆ ಕಂಡಿತು. ಬೋರ್ಡ್ ಫೈಲ್ ಅಂದರೆ ಶಾನುಭೋಗರ ಕಡತ. ನನಗೆ ಬೇಕಿರುವುದು ಪಹಣಿ.

ಆ ಪಹಣಿ ಇಲ್ಲವೇ ಅಂದರೆ, ಇದೆ. ಅದರ ಹೆಸರು ಡಿವೈಸ್ ಟ್ರೀ. ಅದು ನಿನ್ನೆ ಮೊನ್ನೆಯದೂ ಅಲ್ಲ. ಸನ್ ಕಂಪನಿಯ ಸ್ಪಾರ್ಕ್ ಯಂತ್ರಗಳು, ಆಪಲ್ಲಿನ ಪವರ್‌ಪಿಸಿ ಯಂತ್ರಗಳು ಬಳಸುತ್ತಿದ್ದ ಓಪನ್ ಫರ್ಮ್‌ವೇರ್‌ನಿಂದ ಬಂದದ್ದು. 1994ರಲ್ಲೇ ಐಇಇಇ ಅದಕ್ಕೆ ಮಾನಕ ಬರೆದಿತ್ತು. ಬೋರ್ಡಿನಲ್ಲಿ ಏನೇನಿದೆ, ಯಾವುದಕ್ಕೆ ಯಾವುದು ಅಂಟಿಕೊಂಡಿದೆ ಅಂತ ಮರದ ಆಕಾರದಲ್ಲಿ, ಹೆಸರು ಮತ್ತು ಬೆಲೆ ಎಂದು ಬರೆದ ಪಟ್ಟಿ. ಕರ್ನಲ್ಲಿನಿಂದ ಹೊರಗೆ ಬೇರೆ ಕಡತ. ಅದರಲ್ಲಿ ಟಚ್ ಗಾಜಿನ ಕೆಳಗೆ "ಟಚ್‌ಸ್ಕ್ರೀನ್-ಇನ್ವರ್ಟೆಡ್-ಎಕ್ಸ್" ಎಂಬ ಒಂದು ಸಾಲು ಸೇರಿಸಿದರೆ ನನ್ನ ಸೊಸೆಯ ಸಮಸ್ಯೆ ಪರಿಹಾರ. ನೋಡಿ, ಹೆಸರೇ ಅರ್ಥ ಹೇಳುತ್ತೆ. ಎಷ್ಟನೇ ಬೈಟು ಅಂತ ಎಣಿಸಬೇಕಾಗಿಲ್ಲ.

ಆರ್ಮ್ ಪ್ರೊಸೆಸರಿನ ಜಗತ್ತು ಇದನ್ನು ಬೇಗ ಒಪ್ಪಿಕೊಳ್ಳಲಿಲ್ಲ. ಅಲ್ಲಿ ಪ್ರತಿ ಬೋರ್ಡಿಗೂ ಒಂದು ಸಂಖ್ಯೆ. ಬೂಟ್‌ಲೋಡರ್ ಆ ಸಂಖ್ಯೆಯನ್ನು ಕರ್ನಲ್ ಕಿವಿಯಲ್ಲಿ ಹೇಳುತ್ತಿತ್ತು, ಕರ್ನಲ್ ಆ ಸಂಖ್ಯೆಯ ಬೋರ್ಡ್ ಫೈಲ್ ಹುಡುಕಿಕೊಳ್ಳುತ್ತಿತ್ತು. ಇಂಟೆಲ್ ಸ್ಟ್ರಾಂಗ್‌ಆರ್ಮ್ ಕಾಲದ ಅಸಾಬೆಟ್ ಬೋರ್ಡಿನದು 25. ಬೀಗಲ್‌ಬೋರ್ಡಿನದು 1546. ರಾಸ್ಪ್‌ಬೆರಿ ಪೈ ಬರುವ ಹೊತ್ತಿಗೆ 3138. ಸಂಖ್ಯೆ ಬೆಳೆದ ಹಾಗೆ ಕಡತಗಳೂ ಬೆಳೆದವು, ಒಂದರದು ಇನ್ನೊಂದರ ನಕಲು. 2011ರ ಮಾರ್ಚಿನಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರ್ಮ್ ನಿರ್ವಾಹಕರ ಮೇಲೆ ಹರಿಹಾಯ್ದದ್ದು ಇದಕ್ಕೇ. (ಅವರು ಬಳಸಿದ ಮಾತನ್ನು ಇಲ್ಲಿ ಬರೆದರೆ ನಮ್ಮಮ್ಮ ಓದಿಬಿಡ್ತಾರೆ.) ಅದಾದ ಮೇಲೆ ಡಿವೈಸ್ ಟ್ರೀ ಕಡೆಗೆ ಹೊರಳಿದರು. 2012ರಲ್ಲಿ ಸೇರಿದ 64 ಬಿಟ್ ಆರ್ಮ್‌ನಲ್ಲಿ ಬೋರ್ಡ್ ಫೈಲ್ ಎಂಬುದನ್ನೇ ಇಟ್ಟುಕೊಳ್ಳಲಿಲ್ಲ. 2023ರ 6.3ನೇ ಕರ್ನಲ್ಲಿನಲ್ಲಿ ಯಾರೂ ಬಳಸದ ಹಳೇ ಬೋರ್ಡ್ ಫೈಲುಗಳ ರಾಶಿಯನ್ನೇ ಗುಡಿಸಿ ಹಾಕಿದರು.

ಸ್ಟ್ರಾಂಗ್‌ಆರ್ಮ್ ಅಂದ ಕೂಡಲೇ ನಮ್ಮದೇ ಒಂದು ಕೂಸು ನೆನಪಾಗುತ್ತೆ. ಸಿಂಪ್ಯೂಟರ್! 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೋಚನೆ. ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರುಗಳು, ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ಟ್ರಸ್ಟ್ ಕಟ್ಟಿ, 2001ರ ಏಪ್ರಿಲ್‌ನಲ್ಲಿ ಮಾದರಿ ತೋರಿಸಿದರು. ಒಳಗೆ ಇಂಟೆಲ್ಲಿನ ಎಸ್‌ಎ-1110 ಪ್ರೊಸೆಸರ್, 206 ಮೆಗಾಹರ್ಟ್ಸ್, ಮೇಲೆ ಲಿನಕ್ಸ್. 2004ರಲ್ಲಿ ಬಿಇಎಲ್ ಜೊತೆ ಪಿಕೋಪೆಟಾ ಅದನ್ನು ಅಮಿಡಾ ಅಂತ ಮಾರುಕಟ್ಟೆಗೆ ತಂದಿತು. ಕರ್ನಾಟಕ ಸರ್ಕಾರ ಜಮೀನಿನ ದಾಖಲೆಗಳ ಕೆಲಸಕ್ಕೂ ಅದನ್ನು ಬಳಸಿದ್ದುಂಟು. ನೆಚ್ಚಿದಷ್ಟು ಮಾರಾಟ ಆಗಲಿಲ್ಲ, ಅದು ಬೇರೆ ಕಥೆ. ನಾನು ಹೇಳಬೇಕೆಂದಿದ್ದು ಇನ್ನೊಂದು. ಅವರು ಯಂತ್ರದ ವಿನ್ಯಾಸಕ್ಕೇ ಒಂದು ಸಾರ್ವಜನಿಕ ಲೈಸೆನ್ಸ್ ಬರೆದರು. ಯಾವ ತಂತಿ ಎಲ್ಲಿಗೆ ಹೋಗುತ್ತೆ ಎಂಬುದನ್ನು ಜನರೆದುರು ಇಡಬೇಕು ಎಂಬ ಯೋಚನೆ ಬೆಂಗಳೂರಿನಲ್ಲೇ, ಅಷ್ಟು ಹಿಂದೆಯೇ ಇತ್ತು. ಇವತ್ತು ಅದೇ ಬೆಂಗಳೂರಿನಲ್ಲಿ ಕೂತು "ಕೋಡಲ್ಲೇ ಬರ್ದು ಬಿಸಾಕ್ತೀವಿ" ಅನ್ನುವವರನ್ನು ಕಂಡರೆ ಹೊಟ್ಟೆ ಉರಿಯುತ್ತೆ.

ಅಂದ ಹಾಗೆ ಆ ಸ್ಟ್ರಾಂಗ್‌ಆರ್ಮ್ ಕಾಲ ಸತ್ಯಯುಗವೇನೂ ಅಲ್ಲ. ಆಗಿನ ಆ ಪ್ರೊಸೆಸರಿನ ಡಿಸ್‌ಪ್ಲೇ ಡ್ರೈವರಿನಲ್ಲಿ "ಇದು ಅಸಾಬೆಟ್ ಆದರೆ ಈ ಅಳತೆ, ಇನ್ನೊಂದಾದರೆ ಆ ಅಳತೆ" ಅಂತ ಡ್ರೈವರಿನ ಒಳಗೇ ಪ್ರಶ್ನೆಗಳ ಸಾಲು ಇತ್ತು. ಹೊಸ ಬೋರ್ಡ್ ಬಂದರೆ ಡ್ರೈವರನ್ನೇ ತಿದ್ದಬೇಕು. ಅದಕ್ಕೆ ಹೋಲಿಸಿದರೆ ಪ್ಲಾಟ್‌ಫಾರ್ಮ್ ಡೇಟಾ ದೊಡ್ಡ ಸುಧಾರಣೆ, ಒಪ್ಪುತ್ತೇನೆ. ಡ್ರೈವರಿನಿಂದ ವಿವರವನ್ನು ಹೊರಗೆ ತಂದಿತು. ಆದರೆ ತಂದು ಎಲ್ಲಿಟ್ಟಿತು? ಅಡುಗೆ ಮನೆಯಿಂದ ಎತ್ತಿ ಬೀಗ ಹಾಕಿದ ಉಗ್ರಾಣದಲ್ಲಿಟ್ಟಿತು.

ಗೆಳೆಯನ ವಾದವನ್ನೂ ನ್ಯಾಯವಾಗಿ ಹೇಳಬೇಕಲ್ಲ. ಡಿವೈಸ್ ಟ್ರೀಯಲ್ಲಿ ಒಂದು ಅಕ್ಷರ ತಪ್ಪಿದರೆ ಕಂಪೈಲರ್ ಹಿಡಿಯಲ್ಲ, ಬೂಟ್ ಆದ ಮೇಲೇ ಗೊತ್ತಾಗೋದು, ಸಿ ರಚನೆಯಾದರೆ ಕಲಮಿನ ಹೆಸರು ತಪ್ಪಿದ ಕೂಡಲೇ ಬೈಯುತ್ತೆ ಅಂದ. ನಿಜ. ಈಗ ಬೈಂಡಿಂಗುಗಳಿಗೆ ಸ್ಕೀಮಾ ಬರೆದು ಮೊದಲೇ ತಾಳೆ ನೋಡುವ ಸಲಕರಣೆ ಬಂದಿದೆ, ಆದರೂ ಅವನ ಮಾತು ಪೂರ್ತಿ ಸುಳ್ಳಲ್ಲ. ಬೋರ್ಡಿಗೆ ವಿವರ ಮಾತ್ರ ಅಲ್ಲ, ಕೆಲವೊಮ್ಮೆ ಕೆಲಸವೂ ಇರುತ್ತೆ, ವಿದ್ಯುತ್ತನ್ನು ಇಂಥ ಕ್ರಮದಲ್ಲೇ ಹಚ್ಚಬೇಕು ಅಂತ, ಪ್ಲಾಟ್‌ಫಾರ್ಮ್ ಡೇಟಾದಲ್ಲಾದರೆ ಒಂದು ಫಂಕ್ಷನ್ ಪಾಯಿಂಟರ್ ಇಟ್ಟು ಕೈತೊಳೆದುಕೊಳ್ಳಬಹುದು ಅಂದ. ಅದೂ ನಿಜ. ರೆಗ್ಯುಲೇಟರ್, ಜಿಪಿಐಓಗಳಿಗೆ ಪ್ರತ್ಯೇಕ ಚೌಕಟ್ಟುಗಳು ಬರುವವರೆಗೆ ಬೇರೆ ದಾರಿಯೂ ಇರಲಿಲ್ಲ.

ಆದರೆ ಅವನ ಮೂರನೇ ಮಾತು ನನಗೆ ಹಿಡಿಸಲಿಲ್ಲ. "ಅದನ್ನೆಲ್ಲ ಓಪನ್ ಆಗಿ ಇಟ್ರೆ ಪಕ್ಕದ ಕಂಪನಿಯೋರು ಬೋರ್ಡ್ ಕಾಪಿ ಹೊಡೀತಾರೆ" ಅಂತೆ. ಏನು ಮಾತು ಇದು? ಕಾಪಿ ಹೊಡೆಯುವವನು ಅಂಗಡಿಯಲ್ಲಿ ಒಂದು ಪೀಸ್ ಕೊಂಡು, ಮಲ್ಟಿಮೀಟರ್ ಹಿಡಿದು ಕೂತರೆ ಒಂದು ವಾರದಲ್ಲಿ ಎಲ್ಲ ತಂತಿಯ ಕುಲಗೋತ್ರ ಬರೆದುಕೊಳ್ಳುತ್ತಾನೆ. ಅದು ಅವನ ಹೊಟ್ಟೆಪಾಡು. ಹಾಗಾದರೆ ಮುಚ್ಚಿಟ್ಟಿದ್ದು ಯಾರಿಂದ? ಚಾಮರಾಜನಗರದ ರಿಪೇರಿ ಹುಡುಗನಿಂದ. ಹರವೆಯ ಹುಡುಗಿಯಿಂದ.

ಎಲ್ಲ ಕಂಪನಿಯೂ ಹಾಗೇ ಮಾಡಿತೇ? ಇಲ್ಲ. ಚೀನಾದ ಆಲ್‌ವಿನ್ನರ್ ಅಂತ ಅಗ್ಗದ ಪ್ರೊಸೆಸರ್ ಮಾಡುವ ಕಂಪನಿ ಇದೆ. 2012ರ ನವೆಂಬರಿನಲ್ಲಿ ಬಿಡುಗಡೆಯಾದ ನಮ್ಮ ಸರ್ಕಾರಿ ಆಕಾಶ್-2 ಟ್ಯಾಬ್ಲೆಟ್ಟಿನಲ್ಲಿದ್ದದ್ದು ಅವರ ಎ13. ಆ ಕಂಪನಿಯ ಕರ್ನಲ್ಲಿನಲ್ಲಿ ಬೋರ್ಡಿನ ವಿವರವೆಲ್ಲ ಸ್ಕ್ರಿಪ್ಟ್ ಡಾಟ್ ಬಿನ್ ಎಂಬ ಬೇರೆ ಕಡತದಲ್ಲಿ ಇರುತ್ತಿತ್ತು. ಅದನ್ನು ಫೆಕ್ಸ್ ಎಂಬ ಸಾದಾ ಪಠ್ಯಕ್ಕೆ ಬಿಡಿಸಿ, ನೋಟ್‌ಪ್ಯಾಡಿನಲ್ಲಿ ತಿದ್ದಿ, ಮತ್ತೆ ಕಟ್ಟಿ ಇಡಬಹುದಿತ್ತು. ಧರ್ಮಬುದ್ಧಿಯಿಂದ ಮಾಡಿದ್ದಲ್ಲ. ಅವರ ಗಿರಾಕಿಗಳು ನೂರಾರು ಸಣ್ಣ ಕಾರ್ಖಾನೆಗಳು, ಇವತ್ತು ಒಂದು ಗಾಜು ಅಗ್ಗಕ್ಕೆ ಸಿಕ್ಕರೆ ನಾಳೆ ಇನ್ನೊಂದು. ಪ್ರತಿ ಸಲ ಕರ್ನಲ್ ಕಂಪೈಲ್ ಮಾಡುತ್ತಾ ಕೂರಲು ಆಗುತ್ತದೆಯೇ? ವ್ಯಾಪಾರಕ್ಕಾಗಿ ಮಾಡಿದ್ದೇ ಇರಲಿ, ಟ್ಯಾಬ್ಲೆಟ್ ಕೊಂಡವನ ಕೈಗೂ ಕೀಲಿ ಸಿಕ್ಕಿತು. ದೊಡ್ಡ ಹೆಸರಿನವರು ಮಾಡದ್ದನ್ನು ಅಗ್ಗದವರು ಮಾಡಿದರು. ಡಿವೈಸ್ ಟ್ರೀ ಇರುವಾಗ ತಮ್ಮದೇ ಇನ್ನೊಂದು ಭಾಷೆ ಕಟ್ಟಿದರು ಅಂತ ಕರ್ನಲ್ ಮಂದಿ ಬೈದರು, ಬೈಯಲಿ. ನನ್ನ ಅಟ್ಟದ ಮೇಲಿದ್ದದ್ದು ಅವರ ಚಿಪ್ ಆಗಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ.

ಇನ್ನು, ಡಿವೈಸ್ ಟ್ರೀ ಬಂದ ಮಾತ್ರಕ್ಕೆ ರಾಮರಾಜ್ಯ ಬಂತು ಅಂತ ಕುಣಿಯುವವರಿಗೂ ಒಂದು ಮಾತು. ಇವತ್ತಿನ ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಡಿವೈಸ್ ಟ್ರೀ ಇದೆ. ಅದರ ಸುತ್ತ ಸಹಿ ಹಾಕಿದ ಬೇಲಿಯೂ ಇದೆ. ಒಂದು ಅಕ್ಷರ ಮುಟ್ಟಿದರೆ ಬೂಟ್‌ಲೋಡರ್ ಮುಖ ತಿರುಗಿಸುತ್ತೆ. ಪಹಣಿಯನ್ನು ಬರೆದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ. ಸುರಕ್ಷತೆಗೆ ಸಹಿ ಬೇಕು ಅನ್ನುತ್ತಾರೆ, ಬೇಡ ಅಂದವರು ಯಾರು? ಬೀಗ ಇರಲಿ, ಕೀಲಿಯನ್ನು ಯಂತ್ರ ಕೊಂಡವನಿಗೆ ಕೊಡಿ ಅನ್ನುವುದು ನನ್ನ ಮಾತು.

ಹಾಗೆಯೇ, ಪಟ್ಟಿ ಕರ್ನಲ್ಲಿನ ಒಳಗಿದ್ದರೂ ಒಳ್ಳೆಯದು ಆಗಬಹುದು. ಇಂಟೆಲ್ ಪ್ರೊಸೆಸರಿನ ಅಗ್ಗದ ವಿಂಡೋಸ್ ಟ್ಯಾಬ್ಲೆಟ್ಟುಗಳಿಗೆ ಲಿನಕ್ಸ್ ಹಾಕಲು ಹೊರಟವರಿಗೆ ನನ್ನದೇ ಸಮಸ್ಯೆ ಎದುರಾಯಿತು. ಫರ್ಮ್‌ವೇರ್ "ಇಲ್ಲೊಂದು ಟಚ್ ಗಾಜಿದೆ" ಅಂತ ಹೇಳುತ್ತಿತ್ತು, ಅಳತೆ ದಿಕ್ಕು ಹೇಳುತ್ತಿರಲಿಲ್ಲ. ಅವೆಲ್ಲ ವಿಂಡೋಸ್ ಡ್ರೈವರಿನ ಹೊಟ್ಟೆಯಲ್ಲಿದ್ದವು. ಹ್ಯಾನ್ಸ್ ಡಿ ಗೂಡೆ ಎಂಬ ಡೆವಲಪರ್ 2017ರಲ್ಲಿ ಕರ್ನಲ್ಲಿನಲ್ಲೇ ಒಂದು ಕಡತ ಶುರು ಮಾಡಿದರು. ಇಂಥ ಟ್ಯಾಬ್ಲೆಟ್ಟಿಗೆ ಇಂಥ ಅಗಲ, ಇಂಥ ಎತ್ತರ, ವೈ ತಿರುಗಿಸಬೇಕು ಅಂತ ಒಂದೊಂದಕ್ಕೂ ನಾಲ್ಕಾರು ಸಾಲು. ಯಾವುದೋ ದೇಶದ ಯಾರೋ ತನ್ನ ಟ್ಯಾಬ್ಲೆಟ್ ಅಳೆದು ಸಾಲು ಕಳಿಸುತ್ತಾನೆ, ಸೇರಿಸುತ್ತಾರೆ. ನಿಜ ಹೇಳಬೇಕೆಂದರೆ ಇದು ಹಿಂಬಾಗಿಲಿನಿಂದ ಬಂದ ಬೋರ್ಡ್ ಫೈಲೇ. ಆದರೆ ಆ ವಿವರಗಳು ವಾಯ್ಡ್ ಪಾಯಿಂಟರ್ ಆಗಿ ಹೋಗುವುದಿಲ್ಲ, ಹೆಸರಿರುವ ಗುಣಗಳಾಗಿ ಹೋಗುತ್ತವೆ. ಡಿವೈಸ್ ಟ್ರೀಯಿಂದ ಬಂದರೂ, ಈ ಪಟ್ಟಿಯಿಂದ ಬಂದರೂ ಡ್ರೈವರ್ ಒಂದೇ ರೀತಿ ಕೇಳಿ ಓದಿಕೊಳ್ಳುತ್ತೆ. ಈಗಂತೂ ಆ ಗುಣಗಳನ್ನು ಬೂಟ್ ಸಾಲಿನಲ್ಲೇ ಟೈಪ್ ಮಾಡಿ ಕೊಡುವ ವ್ಯವಸ್ಥೆಯೂ ಬಂದಿದೆ. ಕಂಪೈಲ್ ಮಾಡುವುದೇ ಬೇಡ! ಗಾಜು ಬದಲಿಸಿದ ಹುಡುಗ ಒಂದು ಸಾಲು ಸೇರಿಸಿ, ಮುಟ್ಟಿ ನೋಡಿ, ಗಿರಾಕಿ ಕೈಗೆ ಕೊಡಬಹುದು. "ನಮ್ ಕೈಲಿಲ್ಲ" ಅನ್ನಬೇಕಾಗಿಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಕನ್ನಡದಲ್ಲಿ ತಂತ್ರಜ್ಞಾನದ ಬಗ್ಗೆ ಬರೆಯುವ ನಾವು ಹೊಸ ಫೋನಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಪುಟಗಟ್ಟಲೆ ಬರೆಯುತ್ತೇವೆ. ಗಾಜು ಒಡೆದಾಗ ಅದನ್ನು ನಮ್ಮೂರಲ್ಲಿ ಸರಿ ಮಾಡಬಹುದೇ ಅಂತ ಯಾರೂ ಬರೆಯಲ್ಲ. ನಾನೂ ಬರೆದಿರಲಿಲ್ಲ. ಬೈದುಕೊಳ್ಳುವುದಾದರೆ ನನ್ನಿಂದಲೇ ಶುರು ಮಾಡಿ.

ನಿಮ್ಮಲ್ಲಿ ಯಾರಾದರೂ 2011ರಿಂದ 2014ರ ನಡುವೆ ಟ್ಯಾಬ್ಲೆಟ್ ಕಂಪನಿಗಳಲ್ಲಿ ಕೆಲಸ ಮಾಡಿದ್ದರೆ, ಕಂಪನಿಯೇ ಹೊರಗೆ ಬಿಟ್ಟಿದ್ದ ಕರ್ನಲ್ ಮೂಲಕೋಡಿನ ಗಂಟು ನಿಮ್ಮ ಹಳೇ ಹಾರ್ಡ್‌ಡಿಸ್ಕಿನಲ್ಲಿ ಉಳಿದಿದ್ದರೆ, ದಯವಿಟ್ಟು ಒಂದು ಸಲ ಹುಡುಕಿ ನೋಡಿ. ಬೋರ್ಡ್ ಫೈಲ್ ಒಂದಿದ್ದರೂ ಸಾಕು. ಗೆಳೆಯನಿಗೂ ನಿನ್ನೆ ಫೋನ್ ಮಾಡಿ ಕೇಳಿದೆ. "ನೋಡ್ತೀನಿ, ಎಲ್ಲೋ ಇರ್ಬೇಕು" ಅಂದಿದ್ದಾನೆ. ಟ್ಯಾಬ್ಲೆಟ್ಟು ಇನ್ನೂ ಹರವೆಯಲ್ಲೇ ಇದೆ, ಮೌಸ್ ಸಮೇತ.